ದನದ ಡಾಕ್ಟರ್ ಆಗಬೇಕಂದ್ರೆ ಕಾಗದ ಮೊದಲು

ಜಮಖಂಡಿ ಕಡೆ ನಾನು ಆನ್‌ಲೈನ್ ಅರ್ಜಿ ತುಂಬುವ ಅಂಗಡಿ ಇಟ್ಟಿದ್ದೇನೆ. ಕುರಿ ಕಾಯುವವರ, ಕಬ್ಬು ಕಡಿಯುವವರ ಮಕ್ಕಳು ಬರುತ್ತಾರೆ. ದನ, ಕುರಿ, ಎಮ್ಮೆ ಬಗ್ಗೆ ಪೇಟೆ ಮಕ್ಕಳಿಗಿಂತ ಇವರಿಗೆ ಜಾಸ್ತಿ ಗೊತ್ತು. ಆದರೆ ಸೀಟು ತಪ್ಪುವುದು ಎಷ್ಟೋ ಸಲ ಅಂಕ ಕಡಿಮೆ ಬಿದ್ದು ಅಲ್ಲ, ಒಂದು ಕಾಗದ ಇಲ್ಲದೆ. ಒಮ್ಮೆ ನಾನೇ ತಪ್ಪು ಮಾಡಿದ್ದೇನೆ: ಹತ್ತೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿಗೆ ಗಡಿಬಿಡಿಯಲ್ಲಿ ಆ ಕಾಲಂನಲ್ಲಿ ‘ಇಲ್ಲ’ ಅಂತ ಒತ್ತಿಬಿಟ್ಟೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ದಾರಿ ಯಾವುದು ಅಂತ ತಿಳಿಯಿರಿ. ಬಿವಿಎಸ್ಸಿ ಅಂಡ್ ಎಎಚ್, ಅಂದರೆ ದನದ ಡಾಕ್ಟರ್ ಪದವಿ, ಐದೂವರೆ ವರ್ಷ, ಕೊನೆಯ ಒಂದು ವರ್ಷ ಇಂಟರ್ನ್‌ಶಿಪ್. ಪಿಯುಸಿಯಲ್ಲಿ ಬಯಾಲಜಿ ಇರಲೇಬೇಕು. ರಾಜ್ಯದ ಸೀಟು ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ನಡೆಸುವ ಸಿಇಟಿ ಪ್ರವೇಶ ಪರೀಕ್ಷೆ ಮೂಲಕ ಸಿಗುತ್ತದೆ. ನೀಟ್ (ಇಡೀ ದೇಶಕ್ಕೆ ನಡೆಯುವ ವೈದ್ಯಕೀಯ ಪ್ರವೇಶ ಪರೀಕ್ಷೆ) ಇಲ್ಲದೆ ಆಗಲ್ಲ ಅಂತ ಹೆದರಿ ಕೂತವರನ್ನು ನೋಡಿದ್ದೇನೆ. ಪ್ರತಿ ಕಾಲೇಜಿನ 15% ಸೀಟು ಮಾತ್ರ ಅಖಿಲ ಭಾರತ ಕೋಟಾ, ಅದಕ್ಕೆ ನೀಟ್ ಬೇಕು. ಆದರೂ ನೀಟ್ ಬರೆದಿಡಿ, ಕನ್ನಡದಲ್ಲೂ ಪ್ರಶ್ನೆಪತ್ರಿಕೆ ಇರುತ್ತದೆ. ಸಿಇಟಿಯಲ್ಲಿ ಒಂದೊಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ, ತಪ್ಪಿಗೆ ಅಂಕ ಕಡಿತ ಇಲ್ಲ. ಹಾಗಾಗಿ ಗೊತ್ತಿಲ್ಲದ್ದಕ್ಕೂ ಉತ್ತರ ಪತ್ರಿಕೆಯಲ್ಲಿ ಒಂದು ಗುಂಡಿ ತುಂಬಿ ಬನ್ನಿ. ಪಿಯು ಅಂಕವೂ ರ‍್ಯಾಂಕಿಗೆ ಸೇರುತ್ತದೆ. ಬೋರ್ಡ್ ಪರೀಕ್ಷೆ ಸುಮ್ನೆ ಪಾಸಾದರೆ ಸಾಕು ಅನ್ನೋ ಮಾತು ನಂಬಬೇಡಿ.

ಈಗ ಕಾಗದ. ಜಾತಿ ಮತ್ತು ಆದಾಯ ಪ್ರಮಾಣ ಪತ್ರವನ್ನು ನಾಡಕಚೇರಿಯಲ್ಲಿ ಮಾಡಿಸುವಾಗ ಅದು ವಿದ್ಯಾರ್ಥಿಯ ಹೆಸರಲ್ಲೇ ಇರಲಿ. ಅಪ್ಪನ ಹೆಸರಿನದು ತಂದು ಕೊಡುತ್ತಾರೆ, ನಡೆಯಲ್ಲ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಹೆಸರಿಗೂ ಇದಕ್ಕೂ ಒಂದು ಅಕ್ಷರವೂ ವ್ಯತ್ಯಾಸ ಬೇಡ, ಯಾಕಂದ್ರೆ ಅದರ ಮೇಲಿನ ಆರ್‌ಡಿ ನಂಬರ್ ಹಾಕಿದಾಗ ಕೆಇಎ ಕಂಪ್ಯೂಟರು ಹೆಸರನ್ನೂ ತಾಳೆ ನೋಡುತ್ತದೆ. ಇದನ್ನು ಡಿಸೆಂಬರ್ ಒಳಗೇ ಮಾಡಿಸಿಕೊಳ್ಳಿ. ಅರ್ಜಿಯ ಕೊನೇ ವಾರ ಸರ್ವರ್ ಸತ್ತಿರುತ್ತದೆ, ಅಲ್ವಾ?

ಜಾತಿ ಮೀಸಲಾತಿ ಎಲ್ಲರಿಗೂ ಗೊತ್ತು. ಜನ ಮರೆಯುವುದು ಇನ್ನೆರಡನ್ನು. ಒಂದರಿಂದ ಹತ್ತನೇ ತರಗತಿವರೆಗೆ ಗ್ರಾಮೀಣ ಶಾಲೆಯಲ್ಲಿ ಓದಿದವರಿಗೆ 15%, ಅದೇ ಹತ್ತು ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ 5%. ಇಲ್ಲಿ ಲೆಕ್ಕ ಮನೆಯದ್ದಲ್ಲ, ಶಾಲೆಯದ್ದು. ಹಳ್ಳಿಯಲ್ಲೇ ಇದ್ದು ಎಂಟನೇ ತರಗತಿಯಿಂದ ಜಮಖಂಡಿ ಪೇಟೆಗೆ ಬಸ್ಸಲ್ಲಿ ಹೋಗಿ ಓದಿದ್ದರೆ ಗ್ರಾಮೀಣ ಹೋಯಿತು. ಓದಿದ ಪ್ರತಿ ಶಾಲೆಯಿಂದ ಅಧ್ಯಯನ ಪ್ರಮಾಣ ಪತ್ರ ಬೇಕು, ಮುಖ್ಯೋಪಾಧ್ಯಾಯರ ಸಹಿ, ಅದರ ಮೇಲೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ. ಕಬ್ಬಿನ ಗ್ಯಾಂಗ್ ಜೊತೆ ಮಹಾರಾಷ್ಟ್ರಕ್ಕೆ ಹೋದ ಮನೆಗಳಿಗೆ ಇದೇ ದೊಡ್ಡ ತಲೆನೋವು. ಮಗು ಅಜ್ಜಿ ಮನೆಯಲ್ಲಿ ಮೂರು ವರ್ಷ, ತಾಂಡಾದಲ್ಲಿ ನಾಲ್ಕು ವರ್ಷ, ಆಮೇಲೆ ಇನ್ನೊಂದು ಊರು ಅಂತ ಓದಿರುತ್ತದೆ. ಆ ಶಾಲೆಗಳಿಗೆಲ್ಲ ತಿರುಗಲು ರಜೆ ಹಾಕಿ ಕೂಲಿ ಕಳೆದುಕೊಳ್ಳಬೇಕು, ಬೇರೆ ದಾರಿ ಇಲ್ಲ. ಪರೀಕ್ಷೆ ಮುಗಿದ ಮೇಲೆ ಹೊರಟರೆ ಶಾಲೆಗೆ ಬೇಸಿಗೆ ರಜೆ, ಸಹಿ ಹಾಕುವವರು ಊರಲ್ಲಿರಲ್ಲ.

ವಿಜಯಪುರದವರಿಗೆ ಒಂದು ಮಾತು. ಇಂಡಿ, ಸಿಂದಗಿ ಕಲಬುರಗಿಗೆ ಹತ್ತಿರ ಇರಬಹುದು, ಆದರೆ ಕಲ್ಯಾಣ ಕರ್ನಾಟಕದವರಿಗೆ ಇರುವ 371 (ಜೆ) ಮೀಸಲಾತಿ ವಿಜಯಪುರ, ಬಾಗಲಕೋಟೆ, ಬೆಳಗಾವಿ ಈ ಮೂರೂ ಜಿಲ್ಲೆಗೆ ಇಲ್ಲ. ಆ ಕಾಲಂ ಮುಟ್ಟಬೇಡಿ.

ಹೊಲ ಇದ್ದವರು ಕೃಷಿಕರ ಕೋಟಾ ಕೇಳಲೇಬೇಕು. ತಹಶೀಲ್ದಾರರ ಪ್ರಮಾಣ ಪತ್ರ ಬೇಕು, ಜೊತೆಗೆ ಪ್ರಾಯೋಗಿಕ ಪರೀಕ್ಷೆ ಇರುತ್ತದೆ. ಬೀಜ, ಗೊಬ್ಬರ, ಸಲಕರಣೆ ಗುರುತಿಸಿ ಹೆಸರು ಹೇಳುವುದು. ಬಿಳಿಜೋಳ, ಕಡಲೆ ನಮ್ಮ ಮಕ್ಕಳಿಗೆ ಕಣ್ಣು ಮುಚ್ಚಿಕೊಂಡರೂ ಗೊತ್ತು, ರಸಗೊಬ್ಬರದ ಹೆಸರಲ್ಲಿ ಎಡವುತ್ತಾರೆ. ಊರಿನ ಗೊಬ್ಬರದ ಅಂಗಡಿಯಲ್ಲಿ ಒಂದು ಮಧ್ಯಾಹ್ನ ನಿಂತರೆ ಸಾಕು. ಪರೀಕ್ಷೆಯ ದಿನ ತಪ್ಪಿಸಿಕೊಂಡರೆ ಕೋಟಾ ಕೈಬಿಟ್ಟಂತೆ.

ಆಪ್ಶನ್, ಅಂದರೆ ಬೇಕಾದ ಕಾಲೇಜುಗಳ ಪಟ್ಟಿ, ಹಾಕುವಾಗ ಸರ್ಕಾರಿ ಪಶುವೈದ್ಯಕೀಯ ಕಾಲೇಜು ಒಂದನ್ನೂ ಬಿಡಬೇಡಿ. ನಮ್ಮ ಹತ್ತಿರ ಅಥಣಿ ತಾಲ್ಲೂಕಿನ ಕೊಕಟನೂರು ಇದೆ, ಗದಗ ಇದೆ. ಬೀದರ್, ಶಿವಮೊಗ್ಗ, ಹಾಸನ, ಹೆಬ್ಬಾಳವನ್ನೂ ಕೆಳಗೆ ಸೇರಿಸಿ. ಹೆಣ್ಣುಮಗಳು ಅಷ್ಟು ದೂರ ಹೆಂಗ ಹೋಗಬೇಕು ಅಂತ ಅಪ್ಪಂದಿರು ಹಾಸನ ಅಳಿಸಲು ಹೇಳುತ್ತಾರೆ. ನಾನು ಅಳಿಸಲ್ಲ, ಜಗಳ ಆಡುತ್ತೇನೆ. ಸೀಟು ಸಿಕ್ಕಿ ಅದಕ್ಕಿಂತ ಮೇಲಿನದಕ್ಕೆ ಕಾಯಬೇಕಂದ್ರೆ ಚಾಯ್ಸ್ ಎರಡು ಒತ್ತಿ. ನಾಲ್ಕು ಒತ್ತಿದರೆ ಕೌನ್ಸೆಲಿಂಗ್‌ನಿಂದಲೇ ಹೊರಗೆ.

ದುಡ್ಡಿನ ಭಯಕ್ಕೆ ಸೀಟು ಬಿಡಬೇಡಿ. ಸೇರಿದ ಕೂಡಲೇ ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ವಿದ್ಯಾರ್ಥಿವೇತನಕ್ಕೆ ಹಾಕಿ. ಎಸ್‌ಸಿ, ಎಸ್‌ಟಿ ಮಕ್ಕಳಿಗೆ ಮನೆಯ ಆದಾಯ ವರ್ಷಕ್ಕೆ 2.5 ಲಕ್ಷದ ಒಳಗಿರಬೇಕು. ಹಿಂದುಳಿದ ವರ್ಗದವರು ಹಾಸ್ಟೆಲ್ ಸಿಗದಿದ್ದರೆ ವಿದ್ಯಾಸಿರಿ ಕೇಳಿ, ಊಟ ವಸತಿಗೆ ತಿಂಗಳ ಲೆಕ್ಕದಲ್ಲಿ ಹಣ ಕೊಡುತ್ತಾರೆ. ರೈತರ ಮಕ್ಕಳ ವಿದ್ಯಾರ್ಥಿವೇತನ ರೈತ ವಿದ್ಯಾನಿಧಿಗೆ ಅಪ್ಪನದೋ ಅವ್ವನದೋ ಫ್ರೂಟ್ಸ್ ಐಡಿ (ರೈತರ ನೋಂದಣಿ ಸಂಖ್ಯೆ) ಬೇಕು. ಹಣ ಬರುವುದು ವಿದ್ಯಾರ್ಥಿಯ ಆಧಾರ್ ಜೋಡಣೆ ಆದ ಖಾತೆಗೆ, ಆದ್ದರಿಂದ ಊರು ಬಿಡುವ ಮೊದಲೇ ಬ್ಯಾಂಕಿಗೆ ಹೋಗಿ ಜೋಡಣೆ ಆಗಿದೆಯಾ ಅಂತ ಕೇಳಿಕೊಂಡು ಬನ್ನಿ.