ಪ್ರತಿ ಸಲ ಬೇರೆ ಬೇರೆ ಕಡೆ ನಿಂತ ಇನ್‌ಸ್ಟಾಲ್

ಅಪ್ಪನ ಲ್ಯಾಪ್‌ಟಾಪ್ 2009ರದ್ದು. ಕೋರ್ 2 ಡ್ಯುಯೊ ಪ್ರೊಸೆಸರ್, ಎರಡು ಸ್ಲಾಟಿನಲ್ಲಿ 2 ಜಿಬಿ ಮತ್ತು 1 ಜಿಬಿ ರ‍್ಯಾಮ್. ನಿವೃತ್ತಿಯಾದ ಮೇಲೆ ಅವರು ನುಡಿ ತಂತ್ರಾಂಶದಲ್ಲಿ ಕನ್ನಡ ಟೈಪಿಂಗ್ ಕಲಿತದ್ದು ಅದರಲ್ಲೇ. ವಿಂಡೋಸ್ 7ರ ಬೆಂಬಲ 2020ರ ಜನವರಿ 14ಕ್ಕೆ ನಿಂತರೂ ಅದನ್ನೇ ಬಳಸುತ್ತಿದ್ದರು. ಹೊಸದು ಕೊಡಿಸುತ್ತೇನೆ ಅಂದೆ. ಬೇಡ, ಇದರ ಕೀಬೋರ್ಡು ಕೈಗೆ ಕೂತಿದೆ ಅಂದರು. ಹಾಗಾದರೆ ಇದಕ್ಕೇ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನುವ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಿಕೊಡೋಣ ಅಂತ ಊರಿಂದ ಬೆಂಗಳೂರಿಗೆ ತಂದೆ.

ಆರಿಸಿದ್ದು ಮಿಂಟ್ 21.3, ಎಕ್ಸ್‌ಎಫ್‌ಸಿಇ ಆವೃತ್ತಿ. ರ‍್ಯಾಮ್ ಕಡಿಮೆ ಇದ್ದರೂ ಹಗುರವಾಗಿ ಓಡುತ್ತದೆ. ಹಳೆಯ ಹಾರ್ಡ್‌ಡಿಸ್ಕ್ ಬಿಚ್ಚಿ, ಯುಎಸ್‌ಬಿ ಕೇಸಿಗೆ ಹಾಕಿ, ಅಪ್ಪನ ಬರಹಗಳನ್ನು ನನ್ನ ಕಂಪ್ಯೂಟರಿಗೆ ನಕಲು ಮಾಡಿಕೊಂಡೆ. ಆ ಜಾಗಕ್ಕೆ ನನ್ನ ಹತ್ತಿರ ಇದ್ದ 120 ಜಿಬಿ ಎಸ್‌ಎಸ್‌ಡಿ ಕೂರಿಸಿದೆ.

ಪೆನ್‌ಡ್ರೈವ್‌ನಿಂದ ಬೂಟ್ ಆಯಿತು, ಇನ್‌ಸ್ಟಾಲ್ ಶುರುವಾಯಿತು. ಫೈಲುಗಳ ನಕಲು ಅರ್ಧ ದಾಟಿದ ಮೇಲೆ ನಿಂತಿತು. ಪರದೆ ಮೇಲೆ ಎರ್ರರ್ ನಂಬರ್ 5, ಇನ್‌ಪುಟ್ ಔಟ್‌ಪುಟ್ ದೋಷ. ಸಿಡಿ ಇಲ್ಲವೇ ಹಾರ್ಡ್‌ಡಿಸ್ಕ್ ಕೆಟ್ಟಿರಬಹುದು, ಯಂತ್ರವನ್ನು ತಂಪಾದ ಜಾಗಕ್ಕೆ ಒಯ್ದು ನೋಡಿ ಅಂತಲೂ ಅದರಲ್ಲಿ ಬರೆದಿತ್ತು. ಟೇಬಲ್ ಫ್ಯಾನ್ ಹಚ್ಚಿದೆ. ಪೆನ್‌ಡ್ರೈವ್‌ಗೆ ಮತ್ತೆ ಬರೆದೆ, ಆಮೇಲೆ ಪೆನ್‌ಡ್ರೈವನ್ನೇ ಬದಲಿಸಿದೆ. ಎರಡು ಭಾನುವಾರ ಹೀಗೇ ಹೋದವು.

ಮೂರನೇ ವಾರ ಸುಮ್ನೆ ಮಾಡಿದ್ದನ್ನೇ ಮಾಡುವುದು ಬಿಟ್ಟು, ಆದದ್ದನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡೆ. ಆಗ ಕಣ್ಣಿಗೆ ಬಿತ್ತು: ಒಂದು ಸಲ ನಿಂತ ಕಡೆ ಇನ್ನೊಂದು ಸಲ ನಿಂತಿಲ್ಲ. ಎಸ್‌ಎಸ್‌ಡಿಯಲ್ಲೋ ಪೆನ್‌ಡ್ರೈವಿನಲ್ಲೋ ಒಂದು ಜಾಗ ಕೆಟ್ಟಿದ್ದರೆ ಹೆಚ್ಚುಕಡಿಮೆ ಅಲ್ಲೇ ನಿಲ್ಲಬೇಕಿತ್ತು, ಅಲ್ವಾ?

ಮಿಂಟನ್ನು ಪೆನ್‌ಡ್ರೈವ್‌ನಿಂದಲೇ ಓಡಿಸಿ ಟರ್ಮಿನಲ್ ತೆರೆದೆ. ಡಿಸ್ಕಿನ ಆರೋಗ್ಯ ಹೇಳುವ ಸ್ಮಾರ್ಟ್‌ಸಿಟಿಎಲ್ ಪ್ರಕಾರ ಎಸ್‌ಎಸ್‌ಡಿಯಲ್ಲಿ ಕೆಟ್ಟು ಬದಲಿ ಹಾಕಿದ ಸೆಕ್ಟರುಗಳ ಸಂಖ್ಯೆ 0. ಅದು ಚೆನ್ನಾಗಿದೆ. ಆದರೆ ಸಿಸ್ಟಂನ ಒಳಸಂದೇಶಗಳನ್ನು ತೋರಿಸುವ ಡಿಎಂಇಎಸ್‌ಜಿ ಆಜ್ಞೆ ಕೊಟ್ಟಾಗ ಸ್ಕ್ವಾಶ್‌ಎಫ್‌ಎಸ್ ದೋಷದ ಸಾಲುಗಳು ಸಾಲುಸಾಲಾಗಿ ಬಂದವು. ಮಿಂಟ್‌ನ ಫೈಲುಗಳೆಲ್ಲ ಆ ಹೆಸರಿನ ಒಂದು ಒತ್ತಿದ ಗಂಟಿನಲ್ಲಿ ಇರುತ್ತವೆ. ಗಂಟು ಬಿಚ್ಚುವಾಗ ಡೇಟಾ ಹಾಳಾಗಿ ಕಾಣುತ್ತಿದೆ ಅಂತ ಅದರ ದೂರು.

ಮಿಂಟ್‌ನ ಮೂಲ ಇನ್‌ಸ್ಟಾಲ್ ಫೈಲನ್ನು (ಐಎಸ್‌ಒ) ಇನ್ನೊಂದು ಪೆನ್‌ಡ್ರೈವಿನಲ್ಲಿ ತಂದು, ಅಪ್ಪನ ಲ್ಯಾಪ್‌ಟಾಪಿನಲ್ಲೇ ಎಸ್‌ಎಚ್‌ಎ256 ಮೊತ್ತ ತೆಗೆದೆ. ಫೈಲು ಬದಲಾಗದಿದ್ದರೆ ಈ ಮೊತ್ತ ಯಾವಾಗಲೂ ಒಂದೇ ಬರಬೇಕು. ಮಿಂಟ್‌ನವರು ಕೊಟ್ಟ ಮೊತ್ತಕ್ಕೆ ಹೊಂದಲಿಲ್ಲ. ಮತ್ತೆ ತೆಗೆದೆ. ಈ ಸಲ ಬೇರೆಯೇ ಮೊತ್ತ! ಅದೇ ಫೈಲು, ಅದೇ ಪೆನ್‌ಡ್ರೈವ್. ನನ್ನ ಕಂಪ್ಯೂಟರಿನಲ್ಲಿ ತೆಗೆದರೆ ಎರಡು ಸಲವೂ ಸರಿಯಾಗಿ ಹೊಂದಿತು. ಆಗ ರ‍್ಯಾಮ್ ಮೇಲೆ ಅನುಮಾನ ಗಟ್ಟಿಯಾಯಿತು. ಓದಿದ ಪ್ರತಿ ತುಣುಕೂ ರ‍್ಯಾಮ್ ಮೂಲಕವೇ ಹೋಗಬೇಕು. ಒತ್ತಿದ ಫೈಲಿನಲ್ಲಿ ಒಂದೇ ಒಂದು ಬಿಟ್ ಮಗುಚಿದರೂ ಆ ತುಂಡು ಪೂರ್ತಿ ಬಿಚ್ಚಲಾಗದೆ ಹೋಗುತ್ತದೆ.

ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86+ ಬೂಟ್ ಮಾಡಿ ರಾತ್ರಿ ಮಲಗಿದೆ. ಬೆಳಗ್ಗೆ ಪರದೆ ತುಂಬ ಕೆಂಪು ಸಾಲುಗಳು. ಬರೆದದ್ದು ಒಂದು, ಓದಿದಾಗ ಸಿಕ್ಕಿದ್ದು ಇನ್ನೊಂದು. ಬ್ಯಾಟರಿ, ಚಾರ್ಜರ್ ಎರಡನ್ನೂ ತೆಗೆದು, ಒಂದೊಂದೇ ರ‍್ಯಾಮ್ ಹಾಕಿ ಮತ್ತೆ ಪರೀಕ್ಷಿಸಿದೆ. 1 ಜಿಬಿಯದ್ದೇ ಕೆಟ್ಟಿತ್ತು. ಅದರ ಚಿನ್ನದ ಬಣ್ಣದ ಪಟ್ಟಿಯನ್ನು ರಬ್ಬರಿನಿಂದ ಒರೆಸಿ, ಸ್ಲಾಟ್ ಬದಲಿಸಿ ನೋಡಿದೆ. ಊಹೂಂ. 2 ಜಿಬಿಯದ್ದು ನಾಲ್ಕು ಸುತ್ತು ಪರೀಕ್ಷೆಯಲ್ಲೂ ಒಂದು ತಪ್ಪಿಲ್ಲದೆ ಪಾಸಾಯಿತು.

ಆಗಾಗ ನೀಲಿ ಪರದೆ ಬರುತ್ತದೆ ಅಂತ ಅಪ್ಪ ಒಂದು ವರ್ಷದಿಂದ ಹೇಳುತ್ತಿದ್ದರು. ವಿಂಡೋಸ್ ಹಳೆಯದಾಗಿದೆ ಅಂತ ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ಆಗಲೇ ಕೇಳಬೇಕಿತ್ತು. ಅವರ ಫೈಲುಗಳನ್ನು ಈ ಲ್ಯಾಪ್‌ಟಾಪಿನಲ್ಲೇ ನಕಲು ಮಾಡಿದ್ದರೆ ನಕಲೂ ಸದ್ದಿಲ್ಲದೆ ಹಾಳಾಗುತ್ತಿತ್ತೇನೋ. ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ. ಎಸ್‌ಪಿ ರೋಡಿಗೆ ಹೋಗಿ ಬಳಸಿದ 2 ಜಿಬಿ ಡಿಡಿಆರ್2 ಲ್ಯಾಪ್‌ಟಾಪ್ ರ‍್ಯಾಮ್ ತಂದೆ. ಅದನ್ನೂ ಒಂದು ರಾತ್ರಿ ಪರೀಕ್ಷಿಸಿದ ಮೇಲೇ ನಂಬಿದ್ದು.

ಈ ಸಲ ನಕಲು ಪೂರ್ತಿ ಆಯಿತು. ಆದರೆ ಕೊನೆಯ ಹಂತದಲ್ಲಿ ಗ್ರಬ್, ಅಂದರೆ ಯಂತ್ರ ಆನ್ ಮಾಡಿದಾಗ ಮಿಂಟನ್ನು ಎಬ್ಬಿಸುವ ಪ್ರೋಗ್ರಾಂ, ಕೂರಲಿಲ್ಲ. ಇದು ಬೇರೆಯೇ ರೋಗ. ನಾನು ಹಾಕಿದ ಎಸ್‌ಎಸ್‌ಡಿ ಮೊದಲು ಹೊಸ ಯಂತ್ರದಲ್ಲಿ ಇದ್ದದ್ದು, ಡಿಸ್ಕನ್ನು ಹೇಗೆ ಭಾಗ ಮಾಡಿದೆ ಅಂತ ಹೇಳುವ ಅದರ ಪಾರ್ಟಿಶನ್ ಪಟ್ಟಿ ಹೊಸ ಜಿಪಿಟಿ ಮಾದರಿಯದು. ಈ ಲ್ಯಾಪ್‌ಟಾಪಿನಲ್ಲಿ ಯಂತ್ರವನ್ನು ಚಾಲೂ ಮಾಡುವುದು ಹಳೆಯ ಬಯೋಸ್. ಹಳೆಯ ಎಂಬಿಆರ್ ಮಾದರಿ ಪಟ್ಟಿಯ ಡಿಸ್ಕಿನಲ್ಲಿ ಮೊದಲ 512 ಬೈಟ್ ಆದ ಮೇಲೆ, ಮೊದಲ ಪಾರ್ಟಿಶನ್ ಶುರುವಾಗುವ ತನಕ ಖಾಲಿ ಜಾಗ ಇರುತ್ತದೆ. ಗ್ರಬ್ ತನ್ನ ಮುಖ್ಯ ಭಾಗವನ್ನು ಅಲ್ಲೇ ಇಡುತ್ತದೆ. ಜಿಪಿಟಿಯಲ್ಲಿ ಆ ಜಾಗಕ್ಕೆ ಪಾರ್ಟಿಶನ್ ಪಟ್ಟಿಯೇ ಬಂದು ಕೂರುತ್ತದೆ. ಹಾಗಾಗಿ ಗ್ರಬ್‌ಗೆ ಅಂತಲೇ ಒಂದು ಸಣ್ಣ ಜಾಗ ಬಿಡಬೇಕು. ಅಪ್ಪನ ಫೈಲುಗಳಿರುವ ಹೋಮ್ ಭಾಗ ಬೇರೆ ಇರಲಿ ಅಂತ ನಾನು ಪಾರ್ಟಿಶನ್‌ಗಳನ್ನು ಕೈಯಾರೆ ಮಾಡಿದ್ದೆ, ಇದನ್ನು ಮರೆತಿದ್ದೆ. ಜಿಪಾರ್ಟೆಡ್‌ನಲ್ಲಿ 1 ಎಂಬಿಯ ಪಾರ್ಟಿಶನ್ ಮಾಡಿ, ಫಾರ್ಮ್ಯಾಟ್ ಮಾಡದೆ, ಬಯೋಸ್ ಗ್ರಬ್ ಅನ್ನುವ ಗುರುತು ಹಚ್ಚಿದೆ. ಮತ್ತೆ ಇನ್‌ಸ್ಟಾಲ್ ಮಾಡಿದರೆ ತಕರಾರಿಲ್ಲದೆ ಮುಗಿಯಿತು.

ಆಮೇಲೆ ಅಪ್‌ಡೇಟ್ ಕೊಟ್ಟರೆ, ಅಪ್‌ಡೇಟ್ ಪಟ್ಟಿಯ ತಾರೀಖು ಇನ್ನೂ ಬಂದಿಲ್ಲ ಅಂದಿತು. ನೋಡಿದರೆ ಗಡಿಯಾರ 2009ರಲ್ಲೇ ನಿಂತಿದೆ. ಗಡಿಯಾರ ನಡೆಸುವ ಮದರ್‌ಬೋರ್ಡಿನ ಸಿಆರ್2032 ಸೆಲ್ ಬದಲಿಸಿ ತಾರೀಖು ಸರಿ ಮಾಡಿದೆ, ಅಷ್ಟೇ.

ಕನ್ನಡ ಟೈಪಿಂಗಿಗೆ ಐಬಸ್ ಎಂ17ಎನ್ ಹಾಕಿದೆ. ಅದರಲ್ಲಿ ಕೆಜಿಪಿ ಅನ್ನುವ ಕೀಬೋರ್ಡ್ ವಿನ್ಯಾಸ ಇದೆ. ನುಡಿಯದ್ದೇ ವಿನ್ಯಾಸ ಆದ್ದರಿಂದ ಅಪ್ಪ ಹೊಸದಾಗಿ ಕಲಿಯಬೇಕಾದ್ದು ಏನೂ ಇಲ್ಲ. ಗುಬ್ಬಿ, ನವಿಲು ಫಾಂಟ್‌ಗಳನ್ನೂ ಹಾಕಿದೆ. ಅವರಿಗೆ ನವಿಲು ಇಷ್ಟವಾಯಿತು.

ಈಗ ಉಳಿದಿರುವುದು ಅವರ ಹಳೆಯ ಬರಹಗಳು. ಯುನಿಕೋಡ್‌ಗೆ ಮುಂಚಿನ ನುಡಿ ಫಾಂಟಿನಲ್ಲಿ ಬರೆದವು ಅವು. ಪರಿವರ್ತಕದಲ್ಲಿ ಹಾಕಿದರೆ ಬಹುಪಾಲು ಸರಿಯಾಗಿ ಬರುತ್ತದೆ. ಅರ್ಕಾವತ್ತು ಬಂದ ಕಡೆ ಮಾತ್ರ ಅಲ್ಲಲ್ಲಿ ಎಡವುತ್ತದೆ. ದಿನಾ ರಾತ್ರಿ ಫೋನಿನಲ್ಲಿ ಅಪ್ಪ ಓದುತ್ತಾರೆ, ನಾನು ತಿದ್ದುತ್ತೇನೆ. ಇನ್ನೂ ನಾಲ್ಕು ಫೈಲು ಬಾಕಿ ಇವೆ.