ಕಣ್ಣಿಗಿಂತ ಮೊದಲು ಬೆರಳಿಗೆ ಪಾಠ: ಮ್ಯಾನುವಲ್ ಫೋಕಸ್ ಲೆನ್ಸ್ ಬಳಸುವ ಬಗೆ

ಹಳೆಯ 50 ಎಂಎಂ ಲೆನ್ಸೊಂದನ್ನು ಆಸೆಪಟ್ಟು ತಂದು, ಅದರ ಅಪರ್ಚರನ್ನು (ಬೆಳಕು ಒಳಬರುವ ಕಿಂಡಿಯನ್ನು) ಪೂರ್ತಿ ತೆರೆದು, ಮೊದಲ ದಿನವೇ ಮನೆತುಂಬ ಓಡಾಡುವ ಮಗುವಿನ ಚಿತ್ರ ತೆಗೆಯಹೊರಟು, ಒಂದೂ ಸ್ಪಷ್ಟವಾಗಿ ಬಾರದೆ, ವಾರದೊಳಗೆ ಲೆನ್ಸನ್ನು ಕಪಾಟಿಗೆ ಸೇರಿಸಿದವರನ್ನು ನಾನು ಸಾಕಷ್ಟು ಕಂಡಿದ್ದೇನೆ. ಅವರು ಕಲಿಕೆಯನ್ನು ಕೊನೆಯಿಂದ ಶುರುಮಾಡಿದ್ದರು. ಆಟೋಫೋಕಸ್ ಇಲ್ಲದ ಲೆನ್ಸಿನಲ್ಲಿ ಮೊದಲು ಬರಬೇಕಾದದ್ದು ದೂರದ ಅಂದಾಜು. ಕಣ್ಣಿಟ್ಟು ಕೂದಲೆಳೆಯಷ್ಟು ನಿಖರವಾಗಿ ಫೋಕಸ್ ಹಿಡಿಯುವುದು ಆಮೇಲಿನ ಪಾಠ.

ಲೆನ್ಸಿನ ಆಯ್ಕೆಯನ್ನು ಬೇಗ ಮುಗಿಸಬಹುದು. ಪ್ರೈಮ್ ಲೆನ್ಸಿಗೆ ಜೂಮ್ ಇರುವುದಿಲ್ಲವಾದ್ದರಿಂದ ದಿನನಿತ್ಯದ ಬಳಕೆಗೆ ಒಗ್ಗುವ ಫೋಕಲ್ ಲೆಂತ್ (ನೋಟದ ಅಗಲವನ್ನು ನಿರ್ಧರಿಸುವ ಎಂಎಂ ಅಂಕಿ) ಬೇಕು. ಫುಲ್‌ಫ್ರೇಮ್ ಕ್ಯಾಮೆರಾ (ಹಳೆಯ ಫಿಲ್ಮಿನ ಚೌಕಟ್ಟಿನಷ್ಟೇ ದೊಡ್ಡ ಸೆನ್ಸರಿನದು) ಇದ್ದವರು 35 ಎಂಎಂ ತೆಗೆದುಕೊಳ್ಳಲಿ ಎಂಬುದು ನನ್ನ ಖಚಿತ ಸಲಹೆ. 50 ಎಂಎಂ ಎರಡನೆಯ ಆಯ್ಕೆ. ಫುಲ್‌ಫ್ರೇಮಿಗಿಂತ ಚಿಕ್ಕದಾದ ಎಪಿಎಸ್-ಸಿ ಸೆನ್ಸರಿನ ಮೇಲೆ 50 ಎಂಎಂ ಲೆನ್ಸು ಸುಮಾರು 75 ಎಂಎಂ ಲೆನ್ಸಿನಷ್ಟೇ ಕಿರಿದಾದ ನೋಟ ಕೊಡುವುದರಿಂದ, ಕೋಣೆಯೊಳಗೆ ಗೋಡೆಗೆ ಬೆನ್ನು ತಾಗಿದರೂ ಎದುರಿನವರು ಚೌಕಟ್ಟಿನೊಳಗೆ ಹಿಡಿಸುವುದಿಲ್ಲ. ಅಂಥವರು 28 ಅಥವಾ 35 ಎಂಎಂ ನೋಡಲಿ. ಎಫ್/0.95 (ಎಫ್ ಅಂಕಿ ಚಿಕ್ಕದಾದಷ್ಟೂ ಅಪರ್ಚರ್ ದೊಡ್ಡದು) ಎಂದು ದೊಡ್ಡದಾಗಿ ಬರೆದುಕೊಂಡು ಬರುವ ಭಾರದ ಲೆನ್ಸುಗಳು ಆರಂಭಿಕರಿಗೆ ಬೇಡವೇ ಬೇಡ. ಎಫ್/2 ಅಥವಾ ಎಫ್/2.8ರ ಪುಟ್ಟ ಲೆನ್ಸು ಸಾಕು.

ಬಳಸಿದ ಲೆನ್ಸಾದರೆ ಕೊಳ್ಳುವ ಮುನ್ನ ಅಪರ್ಚರ್ ಪೂರ್ತಿ ತೆರೆದು ಹಿಂಬದಿಯಿಂದ ಟಾರ್ಚ್ ಬೆಳಕು ಹಾಯಿಸಿ ನೋಡಬೇಕು. ಜೇಡರ ಬಲೆಯ ಎಳೆಗಳಂತೆ ಕಾಣುವುದು ಬೂಷ್ಟು. ಅದಿದ್ದರೆ ಎಷ್ಟೇ ಅಗ್ಗವಾದರೂ ಬಿಟ್ಟುಬಿಡಿ. ನಾಲ್ಕೈದು ಧೂಳಿನ ಕಣಗಳಿದ್ದರೆ ಚಿಂತೆಯಿಲ್ಲ. ಅಪರ್ಚರಿನ ಎಲೆಗಳ ಮೇಲೆ ಎಣ್ಣೆಯ ಹೊಳಪಿರಬಾರದು. ಫೋಕಸ್ ರಿಂಗ್ ಜೇನುತುಪ್ಪದೊಳಗೆ ತಿರುಗಿದಂತೆ ನಯವಾಗಿ ಸಾಗಬೇಕು. ಕರಕರ ಎನ್ನುವ, ಇಲ್ಲವೇ ಸಡಿಲವಾಗಿ ಜಾರುವ ರಿಂಗ್ ನಿಮ್ಮ ಕಲಿಕೆಯನ್ನೇ ಕೆಡಿಸುತ್ತದೆ.

ಇನ್ನು ಹಳೆಯ ಲೆನ್ಸನ್ನು ಹೊಸ ಕ್ಯಾಮೆರಾಕ್ಕೆ ಜೋಡಿಸುವ ಅಡಾಪ್ಟರ್. ಹಳೆಯ ನಿಕಾನ್ ಎಫ್ ಲೆನ್ಸುಗಳನ್ನು ಸೆನ್ಸರಿನಿಂದ 46.5 ಮಿಲಿಮೀಟರ್ ದೂರದಲ್ಲಿ, ಎಂ42 ತಿರುಪಿನ ಲೆನ್ಸುಗಳನ್ನು 45.46 ಮಿಲಿಮೀಟರ್ ದೂರದಲ್ಲಿ ಕೂರಿಸಬೇಕು. ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ (ಒಳಗೆ ಕನ್ನಡಿಯಿಲ್ಲದವು) ಈ ಅಂತರ ತೀರಾ ಕಡಿಮೆ: ಸೋನಿ ಇ ಮೌಂಟಿನಲ್ಲಿ (ಲೆನ್ಸ್ ಕೂರುವ ಬಾಯಿಯಲ್ಲಿ) 18, ನಿಕಾನ್ ಝಡ್‌ನಲ್ಲಿ 16 ಮಿಲಿಮೀಟರ್. ನಡುವೆ ಉಳಿಯುವ ಜಾಗವನ್ನು ತುಂಬುವ ಟೊಳ್ಳು ಲೋಹದ ಉಂಗುರವೇ ಅಡಾಪ್ಟರ್. ಡಿಎಸ್‌ಎಲ್‌ಆರ್‌ನಲ್ಲಿ (ಕನ್ನಡಿಯಿರುವ ಕ್ಯಾಮೆರಾದಲ್ಲಿ) ಇಷ್ಟು ಜಾಗ ಸಿಗುವುದಿಲ್ಲ. 42 ಮಿಲಿಮೀಟರ್ ಅಂತರ ಬೇಡುವ ಕ್ಯಾನನ್ ಎಫ್‌ಡಿ ಲೆನ್ಸನ್ನು 44 ಮಿಲಿಮೀಟರಿನ ಕ್ಯಾನನ್ ಇಎಫ್ ಕ್ಯಾಮೆರಾಕ್ಕೆ ಹಾಕಿದರೆ ದೂರದ ಬೆಟ್ಟ ಎಂದಿಗೂ ಫೋಕಸಿಗೆ ಬಾರದು. ಈ ಕೊರತೆ ನೀಗಿಸಲೆಂದು ಒಳಗೆ ಗಾಜು ಕೂರಿಸಿದ ಅಗ್ಗದ ಅಡಾಪ್ಟರುಗಳು ಸಿಗುತ್ತವೆ. ಅವು ಒಳ್ಳೆಯ ಲೆನ್ಸಿನ ಮುಂದೆ ಮಂಜು ಹಿಡಿದ ಕನ್ನಡಕ ಇಟ್ಟಂತೆ, ಕೊಳ್ಳಬೇಡಿ.

ಕ್ಯಾಮೆರಾದ ಹೊಂದಾಣಿಕೆಗೆ ಐದು ನಿಮಿಷ ಸಾಕು. ಲೆನ್ಸ್ ಇಲ್ಲದಿದ್ದರೂ ಶಟರ್ ಕೆಲಸ ಮಾಡಲು ಅನುಮತಿಸುವ ಆಯ್ಕೆ ಮೆನುವಿನಲ್ಲಿದ್ದರೆ ಅದನ್ನು ಆನ್ ಮಾಡಿ. ಬೆಸುಗೆ ಹಾಕಿದಂತೆ ಕೂತ ಲೆನ್ಸಿದ್ದರೂ ವಿದ್ಯುತ್ ಸಂಪರ್ಕವಿಲ್ಲದ ಕಾರಣ ಕ್ಯಾಮೆರಾಕ್ಕೆ ಅದು ಕಾಣುವುದಿಲ್ಲ. ಕೈನಡುಕವನ್ನು ಸರಿದೂಗಿಸುವ ಸೆನ್ಸರ್ ಸ್ಥಿರೀಕರಣವಿದ್ದರೆ ಲೆನ್ಸಿನ ಫೋಕಲ್ ಲೆಂತನ್ನು ಕೈಯಾರೆ ನಮೂದಿಸಿ. ಅಪರ್ಚರ್ ಪ್ರಯಾರಿಟಿ (ಅಪರ್ಚರ್ ನಿಮ್ಮ ಆಯ್ಕೆ, ಶಟರ್ ವೇಗ ಕ್ಯಾಮೆರಾದ್ದು), ಆಟೋ ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ), ಕನಿಷ್ಠ ಶಟರ್ ವೇಗ 1/250 ಸೆಕೆಂಡ್ ಇಟ್ಟುಕೊಂಡರೆ ಬೆಳಕಿನ ಲೆಕ್ಕವನ್ನು ಕ್ಯಾಮೆರಾ ನೋಡಿಕೊಳ್ಳುತ್ತದೆ. ಕೊನೆಯದಾಗಿ, ವ್ಯೂಫೈಂಡರಿನ ಪಕ್ಕದ ನಿಮ್ಮ ದೃಷ್ಟಿಗೆ ಹೊಂದಿಸುವ ಡಯಾಪ್ಟರ್ ಚಕ್ರವನ್ನು, ದೃಶ್ಯವನ್ನು ನೋಡದೆ, ಒಳಗೆ ಕಾಣುವ ಅಂಕಿಗಳು ಚೂಪಾಗುವವರೆಗೆ ತಿರುಗಿಸಿ. ಇದೊಂದನ್ನು ಮರೆತು ತಿಂಗಳುಗಟ್ಟಲೆ ಲೆನ್ಸನ್ನು ಬೈದವರಿದ್ದಾರೆ. ಅವರಲ್ಲಿ ನಾನೂ ಒಬ್ಬ.

ಮೊದಲ ವಾರ ಅಪರ್ಚರ್ ಎಫ್/8ರಲ್ಲೇ ಇರಲಿ. ಫುಲ್‌ಫ್ರೇಮಿನಲ್ಲಿ 35 ಎಂಎಂ ಲೆನ್ಸನ್ನು ಎಫ್/8ಕ್ಕಿಟ್ಟು ರಿಂಗನ್ನು 3 ಮೀಟರಿಗೆ ನಿಲ್ಲಿಸಿದರೆ, ಸುಮಾರು 1.9 ಮೀಟರಿನಿಂದ 7 ಮೀಟರಿನವರೆಗೆ ಎಲ್ಲವೂ ಸ್ಪಷ್ಟವಾಗಿ ಬರುತ್ತದೆ. 50 ಎಂಎಂನಲ್ಲಿ ಅದೇ ವಲಯ 2.3ರಿಂದ 4.2 ಮೀಟರಿಗೆ ಕುಗ್ಗುತ್ತದೆ. 35 ಎಂಎಂ ಬಗ್ಗೆ ನಾನು ಹಟ ಹಿಡಿಯುವುದು ಇದಕ್ಕೇ. ಲೆನ್ಸಿನ ಮೇಲಿರುವ ಅಪರ್ಚರ್ ಗೆರೆಗಳು ಈ ವಲಯವನ್ನೇ ತೋರಿಸುತ್ತವೆ. ಆದರೆ ಅವುಗಳ ಲೆಕ್ಕ ಹಾಕಿದ್ದು ಫಿಲ್ಮಿನಿಂದ ಮಾಡಿದ ಸಾಧಾರಣ ಗಾತ್ರದ ಮುದ್ರಣಕ್ಕೆ; ಪರದೆಯ ಮೇಲೆ ಚಿತ್ರವನ್ನು ಹಿಗ್ಗಿಸಿ ನೋಡುವ ನಾವು ಎಫ್/8ರಲ್ಲಿ ತೆಗೆಯುವಾಗ ಎಫ್/5.6ರ ಗೆರೆಗಳನ್ನು ನಂಬುವುದು ಕ್ಷೇಮ. ಅಗ್ಗದ ಅಡಾಪ್ಟರುಗಳು ಅಳತೆಗಿಂತ ತುಸು ಗಿಡ್ಡವಾಗಿರುವುದೂ ಸಾಮಾನ್ಯ. ದೂರದ ಗೋಪುರವನ್ನೋ ಚಂದ್ರನನ್ನೋ ಫೋಕಸ್ ಮಾಡಿ, ರಿಂಗ್ ಅನಂತದ ಗುರುತಿಗಿಂತ ಮೊದಲೇ ನಿಂತರೆ ಲೆನ್ಸಿನ ಮೇಲಿನ ಮೀಟರ್ ಅಂಕಿಗಳೂ ಅಷ್ಟೇ ಸುಳ್ಳು ಹೇಳುತ್ತಿವೆ ಎಂದು ತಿಳಿಯಿರಿ.

ಈ ವಾರ ವ್ಯೂಫೈಂಡರಿನಲ್ಲಿ ಫೋಕಸ್ ಹುಡುಕಬೇಡಿ. ಎದುರಿನ ವಸ್ತು ಎಷ್ಟು ದೂರವಿದೆ ಎಂದು ಮನಸ್ಸಿನಲ್ಲೇ ಹೇಳಿಕೊಂಡು, ರಿಂಗನ್ನು ಅಲ್ಲಿಗೆ ತಿರುಗಿಸಿ, ಆಮೇಲೆ ಕ್ಯಾಮೆರಾವನ್ನು ಕಣ್ಣಿಗೆತ್ತಿ. 1, 1.5, 2, 3 ಮೀಟರುಗಳಿಗೆ ರಿಂಗ್ ಎಲ್ಲಿ ನಿಲ್ಲುತ್ತದೆ ಎಂಬುದು ಬೆರಳಿಗೆ ಗೊತ್ತಾಗುವವರೆಗೆ ಇದೇ ಅಭ್ಯಾಸ ನಡೆಯಲಿ.

ಎಲ್ಲರೂ ಎಡವುವುದು ಇದರ ಮುಂದಿನ ಹಂತದಲ್ಲಿ, ಅಂದರೆ ಅಪರ್ಚರ್ ತೆರೆದಾಗ. 50 ಎಂಎಂ ಲೆನ್ಸಿನಿಂದ ಎಫ್/1.8ರಲ್ಲಿ 1 ಮೀಟರ್ ದೂರದ ಮುಖವನ್ನು ತೆಗೆದರೆ ಫುಲ್‌ಫ್ರೇಮಿನಲ್ಲಿ ಸ್ಪಷ್ಟವಾಗಿ ಕಾಣುವ ವಲಯದ ದಪ್ಪ ಸುಮಾರು 4 ಸೆಂಟಿಮೀಟರ್, ಅಂದರೆ ಕಣ್ಣಿನ ಮುಂದೆ ಎರಡು, ಹಿಂದೆ ಎರಡು. ಉಸಿರೆಳೆದು ಬಿಡುವಾಗ ನಿಂತವರ ಮೈ ವಾಲುವುದಕ್ಕೇ ಇದು ಸಾಲದು. ಆದ್ದರಿಂದ ಮೊದಲು ನಿಲುವು ಸರಿಯಾಗಬೇಕು: ಮೊಣಕೈಗಳು ಎದೆಗೆ ಒತ್ತಿರಲಿ, ಎಡ ಅಂಗೈ ಲೆನ್ಸಿನ ಅಡಿಗಿರಲಿ, ಹೆಬ್ಬೆರಳು ಮತ್ತು ತೋರುಬೆರಳು ಕೆಳಗಿನಿಂದ ರಿಂಗ್ ಹಿಡಿಯಲಿ. ಗೋಡೆ ಸಿಕ್ಕರೆ ಒರಗಿಕೊಳ್ಳಿ.

ಚೌಕಟ್ಟನ್ನು ಮೊದಲೇ ನಿರ್ಧರಿಸಿ. ಮಧ್ಯದಲ್ಲಿ ಫೋಕಸ್ ಹಿಡಿದು ಆಮೇಲೆ ಕ್ಯಾಮೆರಾ ತಿರುಗಿಸುವ ಹಳೆಯ ರೂಢಿ ಇಲ್ಲಿ ನಡೆಯುವುದಿಲ್ಲ. 1 ಮೀಟರ್ ದೂರದಲ್ಲಿ ಕ್ಯಾಮೆರಾವನ್ನು 15 ಡಿಗ್ರಿ ತಿರುಗಿಸಿದರೂ ಫೋಕಸಿನ ಸಮತಲ ಸುಮಾರು 3.4 ಸೆಂಟಿಮೀಟರ್ ಹಿಂದಕ್ಕೆ ಸರಿಯುತ್ತದೆ; ಕಣ್ಣು ಮಬ್ಬಾಗಿ ಕಿವಿ ಚೂಪಾಗಿರುವ ಭಾವಚಿತ್ರಗಳಿಗೆ ಇದೇ ಒಂದು ಮುಖ್ಯ ಕಾರಣ. ಬದಲಿಗೆ, ದೃಶ್ಯವನ್ನು ಹಿಗ್ಗಿಸಿ ತೋರಿಸುವ ಪೆಟ್ಟಿಗೆಯನ್ನು ಕಣ್ಣಿನ ಮೇಲಕ್ಕೆ ಸರಿಸಿ, ಹಿಗ್ಗಿಸುವ ಕೆಲಸವನ್ನು ಹೆಬ್ಬೆರಳಿಗೆ ಸಿಗುವ ಒಂದು ಗುಂಡಿಗೆ ವಹಿಸಿ. ನೋಡಬೇಕಾದದ್ದು ರೆಪ್ಪೆಯ ಕೂದಲನ್ನು. ಕೆನ್ನೆಯ ನುಣುಪಿನಲ್ಲಿ ಫೋಕಸ್ ತಿಳಿಯುವುದಿಲ್ಲ. ರಿಂಗನ್ನು ಮೆಲ್ಲಗೆ ತಿರುಗಿಸುತ್ತಾ ರೆಪ್ಪೆ ಚೂಪಾದ ಬಿಂದುವನ್ನು ದಾಟಿ ಸ್ವಲ್ಪ ಮಬ್ಬಾಗಲು ಬಿಡಿ, ಬಳಿಕ ಹಿಂದಕ್ಕೆ ಬನ್ನಿ. ದಾಟದೆ ತುದಿ ಎಲ್ಲಿದೆ ಎಂದು ಗೊತ್ತಾಗದು. ಆದರೆ ಈ ಹಿಂದುಮುಂದು ಎರಡೇ ಸಲ. ಮೂರನೆಯ ಸಲಕ್ಕೆ ಕಣ್ಣು ಮಬ್ಬನ್ನೂ ಒಪ್ಪಿಕೊಳ್ಳತೊಡಗುತ್ತದೆ, ಎದುರಿನವರ ನಗುವೂ ಆರಿರುತ್ತದೆ. ಸಿಕ್ಕೊಡನೆ ಅಲ್ಲೇ, ಚೌಕಟ್ಟು ಬದಲಿಸದೆ, ಮೂರು ಚಿತ್ರ ಒಟ್ಟಿಗೆ ತೆಗೆಯಿರಿ. ಮೈಯ ವಾಲಾಟದಲ್ಲಿ ಒಂದಾದರೂ ಸರಿಯಾದ ದೂರಕ್ಕೆ ಬೀಳುತ್ತದೆ.

ಅಂಚುಗಳಿಗೆ ಬಣ್ಣ ಹಚ್ಚಿ ತೋರಿಸುವ ಫೋಕಸ್ ಪೀಕಿಂಗ್ ಇರುವಾಗ ಇಷ್ಟು ಕಷ್ಟವೇಕೆ ಎಂದು ಕೇಳುವವರಿದ್ದಾರೆ. ಪೀಕಿಂಗ್ ದೂರವನ್ನು ಅಳೆಯುವುದಿಲ್ಲ. ಬೆಳಕು ಮತ್ತು ನೆರಳು ಗಾಢವಾಗಿ ಸಂಧಿಸುವ ಅಂಚುಗಳನ್ನಷ್ಟೇ ಹುಡುಕುತ್ತದೆ, ಅದೂ ಸೆನ್ಸರಿಗಿಂತ ಕಡಿಮೆ ವಿವರವಿರುವ ವ್ಯೂಫೈಂಡರ್ ಚಿತ್ರದಲ್ಲಿ. ಹಾಗಾಗಿ ಎಫ್/2ರಲ್ಲಿ ಮೂಗಿನಿಂದ ಕಿವಿಯವರೆಗೆ ಕೆಂಪು ಗೆರೆ ಹೊಳೆದರೂ ಅದರೊಳಗೆ ನಿಜವಾಗಿ ಚೂಪಾಗಿರುವುದು ಒಂದು ಪಟ್ಟಿಯಷ್ಟೆ. ಎಫ್/5.6ರಿಂದ ಮೇಲೆ ಅದು ಉಪಯುಕ್ತ. ಬಳಸುವುದಾದರೆ ತೀವ್ರತೆಯನ್ನು ಕನಿಷ್ಠಕ್ಕಿಡಿ. ಡಿಎಸ್‌ಎಲ್‌ಆರ್‌ ಇದ್ದವರಿಗೆ ಇನ್ನೊಂದು ತೊಡಕಿದೆ: ಅದರ ವ್ಯೂಫೈಂಡರ್ ಪರದೆ ಎಫ್/2.8ರ ಆಸುಪಾಸಿಗಿಂತ ತೆಳುವಾದ ವಲಯವನ್ನು ತೋರಿಸುವುದಿಲ್ಲವಾದ್ದರಿಂದ ಎಫ್/1.8ರಲ್ಲಿ ಲೈವ್ ವ್ಯೂ (ಹಿಂಬದಿಯ ಪರದೆಯ ಮೇಲೆ ಕಾಣುವ ನೇರ ದೃಶ್ಯ) ಬಳಸಲೇಬೇಕು.

ಕೆಲವು ಲೆನ್ಸುಗಳಲ್ಲಿ ಅಪರ್ಚರ್ ಕಿರಿದಾದಂತೆ ಫೋಕಸ್ ತುಸು ಸರಿಯುತ್ತದೆ. ಎಫ್/4ರವರೆಗೆ ಚಿತ್ರ ತೆಗೆಯುವ ಅಪರ್ಚರಿನಲ್ಲೇ ಫೋಕಸ್ ಮಾಡಿ; ಅದಕ್ಕೂ ಕಿರಿದಾದರೆ ತೆರೆದು ಫೋಕಸ್ ಹಿಡಿದು ಮುಚ್ಚಿದರೂ ನಡೆಯುತ್ತದೆ. ಅಭ್ಯಾಸಕ್ಕೆ ಮನುಷ್ಯರು ಬೇಡ, ಓರೆಯಾಗಿ ನಿಂತು ನೋಡುವ ಪುಸ್ತಕಗಳ ಸಾಲು ಸಾಕು: ನಡುವಿನ ಒಂದು ಪುಸ್ತಕದ ಬೆನ್ನಿನ ಅಕ್ಷರಗಳಿಗೆ ಗುರಿಯಿಟ್ಟು ಇಪ್ಪತ್ತು ಚಿತ್ರ ತೆಗೆದು, ಯಾವ ಪುಸ್ತಕ ಚೂಪಾಗಿ ಬಂದಿದೆ ಎಂದು ನೋಡಿದರೆ ನೀವು ಮುಂದಕ್ಕೆ ತಪ್ಪುತ್ತೀರೋ ಹಿಂದಕ್ಕೋ ತಿಳಿಯುತ್ತದೆ. ಸಂಪರ್ಕವಿಲ್ಲದ ಲೆನ್ಸಿನ ಅಪರ್ಚರ್ ಚಿತ್ರದ ಮಾಹಿತಿಯಲ್ಲಿ ದಾಖಲಾಗದ ಕಾರಣ ಪಕ್ಕದಲ್ಲಿ ಒಂದು ಚೀಟಿಯಿರಲಿ.

ನಡೆದುಬರುವವರನ್ನು ತೆಗೆಯಬೇಕಾದರೆ ಅವರ ಹಿಂದೆ ರಿಂಗ್ ತಿರುಗಿಸುತ್ತ ಓಡಬೇಡಿ. ಅವರು ಬಂದು ತಲುಪುವ ನೆಲದ ಒಂದು ಗುರುತಿಗೆ ಫೋಕಸ್ ಹಿಡಿದು, ಹೆಜ್ಜೆ ಅಲ್ಲಿಗೆ ಬೀಳುವ ತುಸು ಮುನ್ನ ಶಟರ್ ಒತ್ತಿ. ಓಡುವ ಮಗುವಿಗೂ ಆಟದ ಮೈದಾನಕ್ಕೂ ಈ ಉಪಾಯ ಸಾಲದು. ಅಂಥ ದಿನ ಆಟೋಫೋಕಸ್ ಲೆನ್ಸನ್ನೇ ಹಾಕಿಕೊಂಡು ಹೊರಡಿ.