ಓದಿದವರ ಮಾತಿನಿಂದ ಪುಸ್ತಕದ ಉಪಯೋಗವನ್ನು ಅಳೆಯುವುದು ಹೇಗೆ?

ಕಾದಂಬರಿಯೊಂದು ಹಿಡಿಸಿತು ಎಂದು ಯಾರಾದರೂ ಹೇಳಿದರೆ ಮಾತು ಬಹುಮಟ್ಟಿಗೆ ಅಲ್ಲಿಗೇ ಮುಗಿಯುತ್ತದೆ. ಕೃಷಿಯ ಪುಸ್ತಕವೋ ಕಾನೂನಿನ ಕೈಪಿಡಿಯೋ ಹಿಡಿಸಿತು ಎಂದರೆ ಮಾತ್ರ, ಅದನ್ನು ನಂಬಿ ತೋಟಕ್ಕೆ ಇಳಿಯಬಹುದೇ, ಠಾಣೆಗೆ ಹೋಗಬಹುದೇ ಎಂಬ ಪ್ರಶ್ನೆ ಉಳಿದುಬಿಡುತ್ತದೆ. ನಮ್ಮ ಓದುಗರ ಬಳಗದಲ್ಲಿ ಎರವಲು ಒಯ್ದ ಪುಸ್ತಕವನ್ನು ಮರಳಿಸುವಾಗ ದಪ್ಪ ರಟ್ಟಿನ ನೋಟ್‌ಪುಸ್ತಕವೊಂದರಲ್ಲಿ ನಾಲ್ಕು ಸಾಲು ಬರೆಯುವ ರೂಢಿಯಿದೆ. ಅದನ್ನು ನೋಡಿಕೊಳ್ಳುವ ಕೆಲಸ ನನ್ನದಾದ್ದರಿಂದ, ಓದುಗರ ಅಭಿಪ್ರಾಯಗಳಲ್ಲಿ ಯಾವುದನ್ನು ನೆಚ್ಚಿಕೊಳ್ಳಬೇಕು, ಯಾವುದನ್ನು ನಯವಾಗಿ ಬದಿಗಿಡಬೇಕು ಎಂಬುದರ ಬಗ್ಗೆ ಕೆಲವು ಮಾತು ಹೇಳಬಲ್ಲೆ.

ಮೊದಲು ಹುಡುಕಬೇಕಾದದ್ದು ಹೊಗಳಿಕೆಯನ್ನೂ ಅಲ್ಲ, ತೆಗಳಿಕೆಯನ್ನೂ ಅಲ್ಲ. ಬರೆದವರು ಆ ಪುಸ್ತಕವನ್ನು ಯಾವ ಕೆಲಸಕ್ಕೆ ಕೈಗೆತ್ತಿಕೊಂಡಿದ್ದರು ಎಂಬುದನ್ನು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ಅವರ ನಿಘಂಟಿನ ಬಗ್ಗೆ ನಮ್ಮ ನೋಟ್‌ಪುಸ್ತಕದಲ್ಲಿ ಎರಡು ಅಭಿಪ್ರಾಯಗಳು ಒಂದರ ಕೆಳಗೊಂದು ಇವೆ. ಶಾಲೆಗೆ ಹೋಗುವ ಮಗಳಿಗೆಂದು ಒಯ್ದವರು, ಅರ್ಥವೆಲ್ಲ ಇಂಗ್ಲಿಷಿನಲ್ಲಿದೆ, ಮಗುವಿಗೆ ಪ್ರಯೋಜನವಾಗಲಿಲ್ಲ ಎಂದು ಬರೆದಿದ್ದಾರೆ. ಹಳಗನ್ನಡ ಕಾವ್ಯ ಓದುತ್ತಿದ್ದ ನಿವೃತ್ತ ಮೇಷ್ಟ್ರು, ಹಳೆಯ ಕೃತಿಗಳ ಪ್ರಯೋಗಗಳೂ ಗಾದೆಗಳೂ ಸೋದರ ಭಾಷೆಗಳ ರೂಪಗಳೂ ಒಂದೇ ಕಡೆ ಸಿಕ್ಕವೆಂದು ಸಂತೋಷಪಟ್ಟಿದ್ದಾರೆ. ಇಬ್ಬರೂ ಬರೆದದ್ದು ನಿಜವೇ. ಆ ಮಗುವಿಗೆ ಬೇಕಾಗಿದ್ದದ್ದು ಕನ್ನಡದಲ್ಲೇ ಅರ್ಥ ಹೇಳುವ ನಿಘಂಟು. ಅಂಥದ್ದನ್ನು ಕನ್ನಡ ಸಾಹಿತ್ಯ ಪರಿಷತ್ತು 8 ಸಂಪುಟಗಳಲ್ಲಿ ತಂದಿದೆಯಾದರೂ ಅಷ್ಟು ಭಾರವನ್ನು ಮಗುವಿಗೆ ಹೊರಿಸುವ ಬದಲು ಅಂಗಡಿಯಲ್ಲಿ ಸಿಗುವ ಒಂದು ಸಣ್ಣ ಪದಕೋಶ ಸಾಕಾಗುತ್ತಿತ್ತು. ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಕೃತಿಗೂ ಇದೇ ಅನುಭವವಾಗಿದೆ. ವಿದ್ಯಾರ್ಥಿಗಳೊಡನೆ ಕಾಡು ಸುತ್ತಿದ ಸಸ್ಯವಿಜ್ಞಾನಿಯ ಈ ಬರಹಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ. ಆದರೆ ಗಿಡ ಗುರುತಿಸುವ ಕೈಪಿಡಿಯೆಂದುಕೊಂಡು ಒಯ್ದವರೊಬ್ಬರು, ಬೇಕಾದ ಗಿಡ ಬೇಕಾದಾಗ ಸಿಗುವುದಿಲ್ಲ ಎಂದು ಗೊಣಗಿದ್ದಾರೆ. ಅಂಥ ಗೊಣಗಾಟವನ್ನು ಪುಸ್ತಕದ ದೋಷವೆಂದು ಎಣಿಸದೆ, ಅದು ಏನಲ್ಲ ಎಂಬ ಸೂಚನೆಯೆಂದು ಓದಿಕೊಳ್ಳಬೇಕು.

ಎರಡನೆಯದಾಗಿ, ಬರೆದವರು ಪುಸ್ತಕ ಹೇಳಿದ್ದನ್ನು ಮಾಡಿ ನೋಡಿದ್ದಾರೆಯೇ ಎಂದು ಗಮನಿಸಬೇಕು. ನಮ್ಮಲ್ಲಿರುವ ಅಡಿಕೆ ಬೇಸಾಯದ ಪುಸ್ತಕವೊಂದಕ್ಕೆ ಹನ್ನೆರಡು ಮಂದಿ ಅಭಿಪ್ರಾಯ ಬರೆದಿದ್ದಾರೆ. ಅವುಗಳಲ್ಲಿ ಹನ್ನೊಂದರಲ್ಲಿ ‘ಉತ್ತಮ ಮಾಹಿತಿ’, ‘ಎಲ್ಲ ಕೃಷಿಕರೂ ಓದಲೇಬೇಕು’ ಎಂಬಂಥ ಮಾತುಗಳೇ ಇವೆ. ಹನ್ನೆರಡನೆಯವರು ಬರೆದದ್ದು ಹೀಗೆ: ‘ಕೊಳೆರೋಗದ ಅಧ್ಯಾಯದಲ್ಲಿ ಬೋರ್ಡೋ ದ್ರಾವಣದ ಅಳತೆ ಸರಿಯಾಗಿದೆ, ಆದರೆ ಯಾವುದನ್ನು ಯಾವುದಕ್ಕೆ ಸುರಿಯಬೇಕೆಂದು ಹೇಳಿಲ್ಲ, ಚೂರಿಯ ಪರೀಕ್ಷೆಯ ಮಾತೂ ಇಲ್ಲ.’ ಈ ಎರಡು ಸಾಲು ಉಳಿದ ಹನ್ನೊಂದಕ್ಕೂ ಮಿಗಿಲು. ಕೊಳೆರೋಗ ತಡೆಯಲು ಸಿಂಪಡಿಸುವ ಈ ಶೇಕಡಾ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು ಎಂಬ ಲೆಕ್ಕ ಬಹಳ ಮಂದಿಗೆ ಗೊತ್ತು. ಎಡವಟ್ಟಾಗುವುದು ಬೆರೆಸುವಾಗ: ಎರಡನ್ನೂ ಬೇರೆ ಬೇರೆ ಪಾತ್ರೆಯಲ್ಲಿ, ಮೈಲುತುತ್ತವನ್ನಂತೂ ಕಬ್ಬಿಣವಲ್ಲದ ಪಾತ್ರೆಯಲ್ಲಿ ಕರಗಿಸಿಕೊಂಡು, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತಾ ಸುರಿಯಬೇಕು. ಬಳಿಕ ಉಜ್ಜಿ ಹೊಳಪಾಗಿಸಿದ ಕಬ್ಬಿಣದ ಚೂರಿಯನ್ನು ಸ್ವಲ್ಪ ಹೊತ್ತು ಅದರಲ್ಲಿ ಅದ್ದಿ ತೆಗೆದಾಗ ಅಲಗಿನ ಮೇಲೆ ಕೆಂಪು ಲೇಪ ಕಂಡರೆ ಸುಣ್ಣ ಸಾಲದೆಂದು ಅರ್ಥ. ಇನ್ನಷ್ಟು ಸುಣ್ಣದ ನೀರು ಸೇರಿಸಬೇಕು. ಇದನ್ನು ಬಿಟ್ಟ ಪುಸ್ತಕವನ್ನು ಹಿಡಿದು ಮದ್ದು ಹೊಡೆದವರಿಗೆ ಮಾತ್ರ ಆ ಕೊರತೆ ಕಂಡೀತು. ಆದುದರಿಂದ ಹೊಗಳಿಕೆಯ ಸಂಖ್ಯೆಯನ್ನು ಎಣಿಸುವ ಬದಲು, ಪುಟವೊಂದನ್ನು ಬೆರಳಿಟ್ಟು ತೋರಿಸುವ ಅಭಿಪ್ರಾಯವನ್ನು ಹುಡುಕುವುದು ಒಳ್ಳೆಯದು.

ಅಂಥ ಅಭಿಪ್ರಾಯ ಸಿಗದಿದ್ದರೆ ಈ ಪರೀಕ್ಷೆಯನ್ನು ಅಂಗಡಿಯಲ್ಲೋ ಗ್ರಂಥಾಲಯದಲ್ಲೋ ನೀವೇ ನಡೆಸಬಹುದು. ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಸಂಗತಿಯನ್ನು ಪುಸ್ತಕದಲ್ಲಿ ತೆರೆದು ನೋಡಿ. ಅಡುಗೆ ಪುಸ್ತಕವಾದರೆ ನೀವು ದಿನವೂ ಮಾಡುವ ಸಾರನ್ನೇ ನೋಡಬೇಕೇ ಹೊರತು ಎಂದೂ ಮಾಡದ ತಿಂಡಿಯನ್ನಲ್ಲ. ಗೊತ್ತಿರುವುದರಲ್ಲಿ ತಪ್ಪಿದ ಲೇಖಕರನ್ನು ಗೊತ್ತಿಲ್ಲದ್ದರಲ್ಲಿ ನಂಬುವುದು ಕಷ್ಟ.

ಮೂರನೆಯದು ಕಾಲದ ಲೆಕ್ಕ. ಇದರಲ್ಲಿ ಓದುಗರ ಅಭಿಪ್ರಾಯಗಳು ನಮ್ಮನ್ನು ಹೆಚ್ಚು ದಾರಿ ತಪ್ಪಿಸುತ್ತವೆ, ಏಕೆಂದರೆ ಬರೆದ ದಿನ ಸರಿಯಾಗಿದ್ದ ಮಾತು ಇಂದು ಸರಿಯಾಗಿರಬೇಕಾಗಿಲ್ಲ. ಗೇರು ತೋಟಕ್ಕೆ ಎಂಡೋಸಲ್ಫಾನ್ ಸಿಂಪಡಿಸಲು ಹೇಳುವ ಹಳೆಯ ಪುಸ್ತಕವನ್ನು ಒಂದು ಕಾಲದಲ್ಲಿ ಹೊಗಳಿದವರಿರಬಹುದು. 2011ರಲ್ಲಿ ಸುಪ್ರೀಂ ಕೋರ್ಟ್ ಆ ವಿಷದ ತಯಾರಿಕೆ, ಮಾರಾಟ, ಬಳಕೆಗಳನ್ನೇ ತಡೆಯಿತು. ಸಾಮಾನ್ಯರಿಗಾಗಿ ಬರೆದ ಕಾನೂನು ಕೈಪಿಡಿಗಳ ಗತಿಯೂ ಇದೇ. 2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದ್ದು, ಕೊಲೆಯ 302ನೇ ಕಲಂ ಈಗ 103 ಆಗಿದೆ, ಮಾತುಮಾತಿಗೆ ನಾವು ಬೈಗುಳವಾಗಿ ಬಳಸುವ 420 ಈಗ 318ರೊಳಗೆ ಸೇರಿಕೊಂಡಿದೆ. ಹಾಗೆಂದು ಹಳೆಯ ಕೈಪಿಡಿಯನ್ನು ರದ್ದಿಗೆ ಹಾಕಬೇಕಾಗಿಲ್ಲ. ಆ ದಿನಾಂಕಕ್ಕೆ ಮೊದಲು ನಡೆದ ಅಪರಾಧಗಳಿಗೆ ಹಳೆಯ ಸಂಹಿತೆಯೇ ಅನ್ವಯಿಸುತ್ತದೆ. ಪುಸ್ತಕದ ಎರಡನೆಯ ಮೂರನೆಯ ಪುಟಗಳಲ್ಲಿರುವ ಮುದ್ರಣದ ವಿವರವನ್ನು ಓದುವಾಗ ‘ಮರುಮುದ್ರಣ’ ಮತ್ತು ‘ಪರಿಷ್ಕೃತ ಆವೃತ್ತಿ’ ಎಂಬ ಎರಡನ್ನೂ ಬೇರೆ ಬೇರೆಯಾಗಿ ಕಾಣಬೇಕು. ಏಳನೆಯ ಮುದ್ರಣವೆಂದರೆ ಏಳು ಬಾರಿ ಅಚ್ಚಾಯಿತು ಎಂದಷ್ಟೇ. ಒಳಗಿನ ಒಂದಕ್ಷರವೂ ಬದಲಾಗಿರದೆ ಇರಬಹುದು.

ವ್ಯಕ್ತಿತ್ವ ವಿಕಸನದ ಪುಸ್ತಕಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಓದಿ ಮುಗಿಸಿದ ರಾತ್ರಿಯೇ ಬರೆದ ಅಭಿಪ್ರಾಯದಲ್ಲಿ ಉತ್ಸಾಹ ತುಂಬಿ ತುಳುಕುತ್ತಿರುತ್ತದೆ. ಆ ಓದುಗರು ಮುಂಜಾನೆ ಐದಕ್ಕೆ ಏಳುವುದನ್ನು ಇನ್ನೂ ಮುಂದುವರಿಸಿದ್ದಾರೆಯೇ ಎಂದು ಆರು ತಿಂಗಳ ನಂತರ ಕೇಳಿದರೆ ಸಾಕು.

ಇನ್ನು ಅಭಿಪ್ರಾಯ ಬರೆಯುವ ಸರದಿ ನಿಮ್ಮದಾದಾಗ, ಮೊದಲ ಸಾಲಿನಲ್ಲಿ ನಿಮ್ಮ ಅಗತ್ಯವೇನಿತ್ತೆಂದು ಹೇಳಿ. ಎರಡನೆಯ ಸಾಲಿನಲ್ಲಿ ಯಾವ ಮುದ್ರಣ, ಯಾವ ವರ್ಷದ್ದು ಎಂದು ನಮೂದಿಸಿ. ಅನಂತರ, ಉಪಯೋಗಕ್ಕೆ ಬಂದ ಒಂದು ಪುಟವನ್ನೂ ಕೈಕೊಟ್ಟ ಒಂದು ಪುಟವನ್ನೂ ಸಂಖ್ಯೆಸಹಿತ ಹೆಸರಿಸಿ. ಪೂರ್ತಿ ಓದಿಲ್ಲದಿದ್ದರೆ ಎಲ್ಲಿಗೆ ನಿಲ್ಲಿಸಿದಿರೆಂದು ಬರೆಯಲು ಸಂಕೋಚ ಬೇಡ. ಮಾಹಿತಿಯ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಲೇಬೇಕೆಂಬ ನಿಯಮವಿಲ್ಲ, ಆದರೆ ಓದದೆ ಬಿಟ್ಟ ಭಾಗದ ಬಗ್ಗೆ ತೀರ್ಪು ಕೊಡಬಾರದು. ಕೊನೆಯಲ್ಲಿ ಪದಸೂಚಿ ಇದೆಯೋ ಇಲ್ಲವೋ ಎಂದು ತಿಳಿಸಿ; ಅವಸರದಲ್ಲಿ ಪುಸ್ತಕ ತೆರೆಯುವವರಿಗೆ ಅದರಷ್ಟು ಬೇಕಾದದ್ದು ಬೇರೊಂದಿಲ್ಲ, ನಮ್ಮ ಹಲವು ಪ್ರಕಾಶಕರು ಬಿಟ್ಟುಬಿಡುವುದೂ ಅದನ್ನೇ. ಸಹಿಯ ಜೊತೆಗೆ ದಿನಾಂಕ ಹಾಕಿ, ಕೆಳಗೆ ಮೂರು ಬೆರಳಿನಷ್ಟು ಜಾಗ ಬಿಡಿ. ಮುಂದಿನ ಮಳೆಗಾಲ ಕಳೆದ ಮೇಲೆ ಅದೇ ಪುಟಕ್ಕೆ ಮರಳಿ ಇನ್ನೊಂದು ಸಾಲು ಸೇರಿಸಬೇಕಾಗಬಹುದು.